ಲ್ಯಾಟಿನ್ ಅಲ್ಲದ ಕ್ಯಾಥೊಲಿಕ್ ಪೂಜೆ

ಪ್ರಶ್ನೆ: ಸರ್, 1960ರ ದಶಕದವರೆಗೂ ಕ್ಯಾಥೊಲಿಕ್ ಚರ್ಚುಗಳಲ್ಲಿ ಪೂಜೆ ಲ್ಯಾಟಿನ್‌ನಲ್ಲೇ ಇತ್ತು ಅಂತಾರೆ. ಕ್ರೊಯೇಷಿಯಾದಲ್ಲಿ ಬೇರೆ ಭಾಷೆ, ಬೇರೆ ಲಿಪಿ ಇತ್ತಂತೆ, ನಿಜವಾ? ಆ ಪುಸ್ತಕಗಳನ್ನು ಯಾರು ಮಾಡಿದರು?
– ಓದುಗರೊಬ್ಬರು, ಹಾಸನ

ಉತ್ತರ: ನಿಜ, ಆದರೆ ಇಡೀ ದೇಶದಲ್ಲಿ ಅಲ್ಲ. ಕರಾವಳಿ ಪ್ರದೇಶಗಳಾದ ಇಸ್ಟ್ರಿಯಾ, ಡಾಲ್ಮೇಷಿಯಾ ಮತ್ತು ಅಲ್ಲಿನ ದ್ವೀಪಗಳ ಕಡೆ ಎಷ್ಟೋ ಪಾದ್ರಿಗಳು ಹಳೆಯ ಸ್ಲಾವಿಕ್ ಭಾಷೆಯಲ್ಲಿ, ಗ್ಲಾಗೊಲಿಟಿಕ್ ಅನ್ನೋ ಸ್ಲಾವರ ಹಳೆಯ ಲಿಪಿಯ ಪುಸ್ತಕ ಹಿಡಿದು ಪೂಜೆ ಮಾಡುತ್ತಿದ್ದರು. ಕದ್ದುಮುಚ್ಚಿ ಏನಲ್ಲ, ಪೋಪ್ 4ನೇ ಇನ್ನೊಸೆಂಟ್ 1248ರಲ್ಲೇ ಸೆನ್ಯ್ ಊರಿನ ಬಿಷಪ್‌ಗೆ ಒಪ್ಪಿಗೆ ಕೊಟ್ಟಿದ್ದರು.

ಪುಸ್ತಕ ಮಾಡಿದವರು ಹಲವರಿದ್ದಾರೆ. ನಾನು ಒಬ್ಬರ ಬಗ್ಗೆ ಹೇಳುತ್ತೇನೆ, ರಫಾಯೆಲ್ ಲೆವಾಕೊವಿಚ್. ಜಾಗ್ರೆಬ್ ಹತ್ತಿರದ ಯಾಸ್ಟ್ರೆಬಾರ್ಸ್ಕೊದವರು, ಫ್ರಾನ್ಸಿಸ್ಕನ್ ಸನ್ಯಾಸಿ. 1570ರಲ್ಲಿ ರೋಮ್ ಪೂಜಾಪುಸ್ತಕವನ್ನೇ ಬದಲಿಸಿತ್ತು, ಆದರೆ ಗ್ಲಾಗೊಲಿಟಿಕ್‌ನಲ್ಲಿ 1531ರ ನಂತರ ಹೊಸ ಪೂಜಾಪುಸ್ತಕವೇ ಅಚ್ಚಾಗಿರಲಿಲ್ಲ. ಆ ಕೆಲಸ ಇವರ ಪಾಲಿಗೆ ಬಂತು. ಇನ್ನು ಅಚ್ಚಿನ ಮೊಳೆಗಳ ಕತೆ ಕೇಳಿ. ಜರ್ಮನಿಯ ಉರಾಖ್‌ನಲ್ಲಿ 1560ರ ದಶಕದಲ್ಲಿ ಪ್ರೊಟೆಸ್ಟೆಂಟರು ಕ್ರೊಯೇಷಿಯನ್ನರನ್ನು ತಮ್ಮ ಕಡೆ ಸೆಳೆಯಲು ಪುಸ್ತಕ ಅಚ್ಚು ಹಾಕಿದ್ದರಲ್ಲ, ಆ ಮೊಳೆಗಳೇ ಚಕ್ರವರ್ತಿ 2ನೇ ಫರ್ಡಿನೆಂಡ್ ಕೈಯಿಂದ 1626ರಲ್ಲಿ ರೋಮ್‌ನ ಧರ್ಮಪ್ರಚಾರ ಸಭೆಗೆ ಬಂದವು. ಎದುರಾಳಿಗಳ ಸಾಮಾನು ಪೋಪ್ ಮನೆ ಸೇರಿತು, ತಮಾಷೆ ಅಲ್ವಾ?

ಈ ಸಭೆಗಾಗಿ ಲೆವಾಕೊವಿಚ್ 1629ರಲ್ಲಿ ಅಕ್ಷರಮಾಲೆಯ ಪುಸ್ತಕ, 1631ರಲ್ಲಿ ಪೂಜಾಪುಸ್ತಕ, 1648ರಲ್ಲಿ ಪಾದ್ರಿಗಳ ದಿನನಿತ್ಯದ ಪ್ರಾರ್ಥನಾಪುಸ್ತಕ ತಂದರು. ಎಡವಟ್ಟು ಜಾಸ್ತಿ ಆಗಿದ್ದು ಕೊನೆಯದರಲ್ಲಿ. ಪೂರ್ವದ ಸ್ಲಾವರ, ಅಂದರೆ ಇಂದಿನ ಉಕ್ರೇನ್, ರಷ್ಯಾ ಕಡೆಯವರ, ಚರ್ಚ್ ಭಾಷೆಯೇ ಶುದ್ಧ ಅನ್ನೋ ನಂಬಿಕೆ ಆಗ ರೋಮ್‌ನಲ್ಲಿತ್ತು, ಬೇರೆ ಚರ್ಚಿನವರಾದ ಅವರು ಪೋಪ್ ಕಡೆ ಸೇರಲಿ ಅನ್ನೋ ಆಸೆಯೂ ಇತ್ತು. ಹಾಗಾಗಿ ಇಂದಿನ ಪೋಲೆಂಡ್‌ನ ಖೋಲ್ಮ್ ಊರಿನ ಬಿಷಪ್ ಮೆಥೋಡಿ ತೆರ್ಲೆಟ್ಸ್ಕಿ ನೆರವಿನಿಂದ ಲೆವಾಕೊವಿಚ್ ಪಠ್ಯವನ್ನು ಆ ಕಡೆಗೇ ತಿದ್ದಿದರು. ತಲೆಮಾರುಗಳಿಂದ ಕ್ರೊಯೇಷಿಯಾದ ಪಾದ್ರಿಗಳ ಬಾಯಲ್ಲಿ ಪಳಗಿದ್ದ ರೂಪ ಪುಸ್ತಕದಿಂದ ಮಾಯವಾಯಿತು.

ಅವರೊಬ್ಬರನ್ನೇ ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ. ಪುಸ್ತಕವೇ ಇಲ್ಲದಿದ್ದರೆ ಪಾದ್ರಿಗಳು ಲ್ಯಾಟಿನ್‌ಗೆ ಹೋಗುತ್ತಿದ್ದರು. ಮೇಲಾಗಿ 1741ರಲ್ಲಿ ಮುಂದಿನ ಪೂಜಾಪುಸ್ತಕ ತಂದ ಮತೇಯ್ ಕರಮಾನ್ ಇದೇ ದಾರಿಯಲ್ಲಿ ಇನ್ನೂ ದೂರ ಹೋದರು. ಕ್ರೊಯೇಷಿಯಾದ ಹಳೆಯ ರೂಪ ಪೂಜಾಪುಸ್ತಕಕ್ಕೆ ಮತ್ತೆ ಬಂದಿದ್ದು 1893ರಲ್ಲಿ, ಕ್ರೊಯೇಷಿಯಾದ ಪಾದ್ರಿ ದ್ರಾಗುಟಿನ್ ಪಾರ್ಚಿಚ್ ಕೈಯಲ್ಲಿ. ಅದೂ ರೋಮ್‌ನಲ್ಲೇ ಅಚ್ಚಾಯಿತು.