ಮಾವಿನ ಕಾರ್ಬೈಡ್ ಬೇರೆ, ಔಷಧದ ಕಾರ್ಬೈಡ್ ಬೇರೆ

ಪ್ರಶ್ನೆ: ನಮ್ಮದು ಶ್ರೀನಿವಾಸಪುರ, ಮಾವಿನ ತೋಟ ಇದೆ. ಕಾಯಿಗೆ ಕಾರ್ಬೈಡ್ ಹಾಕಬೇಡಿ, ವಿಷ ಎಂದು ಪ್ರತಿ ವರ್ಷ ಹೇಳುತ್ತಾರೆ. ಈಗ ನನ್ನ ತಮ್ಮನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಡಾಕ್ಟರು ಆಕ್ಟಿನಿಯಂ ಇಂಜೆಕ್ಷನ್ ಮಾತೆತ್ತಿದ್ದಾರೆ. ಅದನ್ನು ಕಾರ್ಬೈಡಿನಿಂದ ಮಾಡುತ್ತಾರಂತೆ. ನಿಜವೇ ಮೇಡಂ? ಮನೆಯಲ್ಲಿ ಎಲ್ಲರಿಗೂ ಭಯ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಮ್ಮನ ಮೈಗೆ ಯಾವ ಕಾರ್ಬೈಡೂ ಹೋಗುವುದಿಲ್ಲ. ಆಕ್ಟಿನಿಯಂ ಅನ್ನುವುದು ವಿಕಿರಣ ಸೂಸುವ ಒಂದು ಲೋಹ, ಆ ವಿಕಿರಣವೇ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ.

ಲೋಹ ಇಂಗಾಲದ ಜೊತೆ ಕೂಡಿದರೆ ಅದಕ್ಕೆ ಕಾರ್ಬೈಡ್ ಅನ್ನುತ್ತಾರೆ. ಮಾವಿಗೆ ಹಾಕುವುದು ಕ್ಯಾಲ್ಸಿಯಂ ಕಾರ್ಬೈಡ್. ತೇವ ತಾಗಿದರೆ ಅಸಿಟಿಲೀನ್ ಬಿಡುತ್ತದೆ. ಜೊತೆಗೆ ಆರ್ಸೆನಿಕ್, ರಂಜಕದ ಕಲ್ಮಶ ಇರುತ್ತದೆ. ಅದಕ್ಕೇ ನಿಷೇಧ. ನೀವು ಓದಿದ್ದು ಯುರೇನಿಯಂ ಕಾರ್ಬೈಡ್ ಬಗ್ಗೆ ಇರಬೇಕು. ಜಿನೀವಾದ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ, ಕೆನಡಾದ ಅಂಥದೇ ಪ್ರಯೋಗಾಲಯ ಟ್ರಯಂಫ್‌ನಲ್ಲಿ ಅದನ್ನು ಟಾರ್ಗೆಟ್ ಆಗಿ, ಅಂದರೆ ವೇಗದ ಪ್ರೋಟಾನ್ ಕಣಗಳು ಬಡಿಯುವ ಗುರಿಯಾಗಿ ಇಡುತ್ತಾರೆ. ಸರ್ನ್‌ನಲ್ಲಿ ಔಷಧಕ್ಕೆ ಬೇಕಾದ ವಿಕಿರಣಶೀಲ ಪರಮಾಣುಗಳಿಗೆ, ಅಂದರೆ ವೈದ್ಯಕೀಯ ಐಸೋಟೋಪ್‌ಗಳಿಗೆಂದೇ 2017ರಲ್ಲಿ ಮೆಡಿಸಿಸ್ ಎಂಬ ಘಟಕ ಶುರುವಾಯಿತು.

ಯುರೇನಿಯಂ ಆಕ್ಸೈಡ್ ಪುಡಿಗೆ ಗ್ರಾಫೈಟ್ ಬೆರೆಸಿ, ಬಿಲ್ಲೆ ಒತ್ತಿ, ನಿರ್ವಾತದಲ್ಲಿ ಕಾಯಿಸಿದರೆ ಕಾರ್ಬೈಡ್ ಆಗುತ್ತದೆ. ಆ ಬಿಲ್ಲೆಗಳನ್ನು 20 ಸೆಂಟಿಮೀಟರ್ ಉದ್ದದ ಟ್ಯಾಂಟಲಮ್ ಲೋಹದ ಕೊಳವೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಹೆಚ್ಚುಕಡಿಮೆ ಒಂದು ಗೇಣು, ಅಷ್ಟೇ. ಪ್ರೋಟಾನ್ ಬಡಿದಾಗ ಯುರೇನಿಯಂ ಒಡೆದು ನೂರಾರು ಬಗೆಯ ಪರಮಾಣು ಹುಟ್ಟುತ್ತವೆ. ಆಕ್ಟಿನಿಯಂ ಅವುಗಳಲ್ಲೊಂದು. ಅವು ಬಿಲ್ಲೆಯಿಂದ ಹೊರಗೆ ಬರಬೇಕಾದರೆ ಸುಮಾರು 2000 ಡಿಗ್ರಿ ಶಾಖ ಬೇಕು. ಬರೀ ಯುರೇನಿಯಂ 1132 ಡಿಗ್ರಿಗೇ ಕರಗಿ ನೀರಾಗುತ್ತದೆ. ಕಾರ್ಬೈಡ್ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಮೈತುಂಬ ಸಣ್ಣ ತೂತುಗಳಿರುವುದರಿಂದ ಪರಮಾಣುಗಳಿಗೆ ದಾರಿಯೂ ಸಿಗುತ್ತದೆ. ಹೊರಬಂದವಕ್ಕೆ ವಿದ್ಯುದಂಶ ಕೊಟ್ಟು, ಅಯಸ್ಕಾಂತದಿಂದ ತೂಕದ ಪ್ರಕಾರ ಬೇರೆ ಮಾಡುತ್ತಾರೆ. ನನಗೆ ತುಂಬಾ ಇಷ್ಟವಾದ ಹಂತ ಇದು. ಔಷಧಕ್ಕೆ ಬೇಕಾದ ಆಕ್ಟಿನಿಯಂ-225ರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಸಮಯ, ಸುಮಾರು 10 ದಿನ. ಅದರ ಜೊತೆಗೇ ಹುಟ್ಟುವ ಆಕ್ಟಿನಿಯಂ-227ರದ್ದು ಸುಮಾರು 22 ವರ್ಷ, ಅದು ಔಷಧದಲ್ಲಿ ಬೆರೆಯಬಾರದು. ರಾಸಾಯನಿಕವಾಗಿ ಎರಡೂ ಒಂದೇ, ಬೇರ್ಪಡಿಸಲು ಆಗುವುದಿಲ್ಲ. ತೂಕ ಬೇರೆ ಅಲ್ವಾ, ಅಯಸ್ಕಾಂತ ಅದನ್ನು ಹಿಡಿಯುತ್ತದೆ.

ತೇವಕ್ಕೆ ಹೆದರುವ ಗುಣ ಮಾತ್ರ ನಿಮ್ಮ ಮಾವಿನ ಕಾರ್ಬೈಡಿನದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಲ್ಯಾಂಥನಮ್ ಎಂಬ ಲೋಹದ ಕಾರ್ಬೈಡ್ ಬಿಲ್ಲೆ ಒತ್ತುತ್ತಿದ್ದೆ. ಯುರೇನಿಯಂ ಮುಟ್ಟುವ ಮೊದಲು ಅದರಲ್ಲೇ ಕೈ ಪಳಗಬೇಕು. ಒಂದು ಜುಲೈ ಸಂಜೆ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಬೆಳಿಗ್ಗೆ ನೋಡಿದರೆ ಹನ್ನೆರಡು ಬಿಲ್ಲೆಗಳೂ ಪುಡಿಪುಡಿ. ಮೂರು ವಾರದ ಕೆಲಸ ಹೋಯಿತು. ಯುರೇನಿಯಂ ಕಾರ್ಬೈಡ್ ಪುಡಿಯಂತೂ ಗಾಳಿಗೇ ಹೊತ್ತಿಕೊಳ್ಳಬಹುದು. ಹಾಗಾಗಿ ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೆ ಕೈಗವಸು ಹಾಕಿಯೇ ಕೆಲಸ.

ಇನ್ನೊಂದು ವಿಷಯ. ಕಾರ್ಬೈಡ್ ದಾರಿಯಲ್ಲಿ ಸಿಗುವ ಆಕ್ಟಿನಿಯಂ ಇನ್ನೂ ಸ್ವಲ್ಪವೇ, ಹೆಚ್ಚಾಗಿ ಸಂಶೋಧನೆಗೆ. ಆಸ್ಪತ್ರೆಗಳಿಗೆ ಬಹುಕಾಲದಿಂದ ಬರುತ್ತಿರುವುದು ಬಹುಪಾಲು ಥೋರಿಯಂ-229 ಎಂಬ ವಿಕಿರಣಶೀಲ ಲೋಹದ ಹಳೆಯ ದಾಸ್ತಾನಿನಿಂದ ಹಿಂಡಿದ್ದು.

ತಮ್ಮನ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಔಷಧ ಜೊಲ್ಲಿನ ಗ್ರಂಥಿಗಳಿಗೂ ಹೋಗಿ ಸೇರುತ್ತದೆ. ಬಾಯಿ ತುಂಬಾ ಒಣಗಬಹುದು. ಅದಕ್ಕೆ ಏನು ಮಾಡುತ್ತೀರಿ ಎಂದು ಮೊದಲೇ ಕೇಳಿಕೊಳ್ಳಿ.