ಅಪ್ಪನ ದೊಡ್ಡ ಕರುಳಿನಲ್ಲಿ 8 ಮಿ.ಮೀ. ಪಾಲಿಪ್ (ಒಳಪದರದಲ್ಲಿ ಬೆಳೆದ ಗಂಟು) ಇದೆ. ತೆಗೆಸೋಕೆ ಕೋಲ್ಡ್ ಸ್ನೇರ್ ಒಳ್ಳೆಯದಾ, ಹಾಟ್ ಸ್ನೇರಾ?

ಸ್ನೇರ್ ಅಂದರೆ ಪಾಲಿಪ್ ಕತ್ತರಿಸೋ ತಂತಿಯ ಕುಣಿಕೆ; ಕರೆಂಟ್ ಹಾಯಿಸಿ ಸುಟ್ಟು ಕತ್ತರಿಸಿದರೆ ಹಾಟ್, ಇಲ್ಲದಿದ್ದರೆ ಕೋಲ್ಡ್. 8 ಮಿ.ಮೀ.ಗೆ ಕೋಲ್ಡ್ ಸ್ನೇರ್. ಆದರೆ ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಆ ತಂತಿಯ ಬಗ್ಗೆ ಅಲ್ಲ. ಅಮ್ಮನ ವಿಷಯದಲ್ಲಿ ನಾವೂ ಇದನ್ನೇ ಹಿಡಿದುಕೊಂಡು ಕೂತಿದ್ದೆವು.

ನಮ್ಮದು ಮದ್ದೂರಿನ ಹತ್ತಿರದ ಹಳ್ಳಿ, ಕೊಲೊನೋಸ್ಕೋಪಿ (ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡ ಕರುಳು ನೋಡೋ ಪರೀಕ್ಷೆ) ಮೈಸೂರಿನಲ್ಲಿ. ಹಿಂದಿನ ದಿನ ಗಟ್ಟಿ ಪದಾರ್ಥ ಬೇಡ ಅಂತ ಚೀಟಿ ಕೊಟ್ಟಿದ್ದರು. ಅಮ್ಮ ಮಧ್ಯಾಹ್ನ ಮುದ್ದೆ, ಬಸ್ಸಾರು ಉಂಡಳು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗೋದು ಅಲ್ವಾ? ಅದು ಗಟ್ಟಿ ಪದಾರ್ಥ ಅಂತ ಮನೆಯಲ್ಲಿ ಯಾರಿಗೂ ಅನ್ನಿಸಲೇ ಇಲ್ಲ. ರಾಗಿಯಲ್ಲಿ ನಾರು ಜಾಸ್ತಿ. ಅದೂ ಸೊಪ್ಪೂ ಕರುಳಲ್ಲಿ ಉಳಿದುಬಿಡುತ್ತವೆ. ಸಾಲದ್ದಕ್ಕೆ ಭೇದಿ ಪುಡಿ ಕಲಸಿದ ನೀರನ್ನು ರಾತ್ರಿ ಅರ್ಧ ಕುಡಿದು, ಬೆಳಗಿನ ಪಾಲನ್ನು ವಾಕರಿಕೆ ಅಂತ ಬಿಟ್ಟಳು. ಬಸ್ಸಿನಲ್ಲಿ ಅಷ್ಟು ದೂರ ಹೋಗಬೇಕಲ್ಲ ಅನ್ನೋ ಭಯವೂ ಇತ್ತು. ಡಾಕ್ಟರ್ ಆಮೇಲೆ ಚಿತ್ರ ತೋರಿಸಿದರು: ಕಂದು ಗಸಿ, ನಡುವೆ ಸೊಪ್ಪಿನ ಚೂರು, ಅರ್ಧ ಮುಳುಗಿದ ಒಂದು ಪಾಲಿಪ್. ಅಂಚೇ ಕಾಣದಿದ್ದರೆ ಕುಣಿಕೆ ಹಾಕೋದು ಹೇಗೆ? ಅಲ್ಲಿಗೇ ನಿಲ್ಲಿಸಿದ್ದರು. ಎಲ್ಲಾ ಮೊದಲಿಂದ, ದುಡ್ಡೂ ಮತ್ತೆ.

ಉಪಕರಣ ಯಾವುದು ಅನ್ನೋದು ಪಾಲಿಪ್‌ನ ಗಾತ್ರ, ಆಕಾರದ ಮೇಲಿದೆ. 10 ಮಿ.ಮೀ.ಗಿಂತ ಚಿಕ್ಕದಿದ್ದರೆ ಕೋಲ್ಡ್ ಸ್ನೇರ್. ಸುತ್ತಲಿನ ಒಳ್ಳೆ ಪದರವನ್ನೂ ಒಂದಿಷ್ಟು ಸೇರಿಸಿ ಕುಣಿಕೆ ಬಿಗಿದು, ಕರೆಂಟ್ ಇಲ್ಲದೆ ಕತ್ತರಿಸುತ್ತಾರೆ. ಆಗಲೇ ಸ್ವಲ್ಪ ರಕ್ತ ಜಿನುಗುತ್ತದೆ, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಹಾಟ್ ಸ್ನೇರ್‌ನ ಕಾವು ಕೆಳಗಿನ ಪದರಕ್ಕೂ ಇಳಿಯುತ್ತದೆ. ಸುಟ್ಟ ಜಾಗ ಕೆಲವು ದಿನ ಬಿಟ್ಟು ಉದುರುವಾಗ ರಕ್ತಸ್ರಾವ ಆಗಬಹುದು. ಆದರೂ ದಪ್ಪ ತೊಟ್ಟಿನ ಪಾಲಿಪ್‌ಗೆ ಅದೇ ಬೇಕು, ತೊಟ್ಟಿನೊಳಗೆ ರಕ್ತನಾಳ ಇರುತ್ತದೆ. ಫೋರ್ಸೆಪ್ಸ್‌ನಲ್ಲಿ (ಸಣ್ಣ ಚಿಮುಟದಲ್ಲಿ) ಕಿತ್ತರೆ ಸಾಕು ಅಂದರೆ ಮಾತ್ರ ಯಾಕೆ ಅಂತ ಕೇಳಿ. 3 ಮಿ.ಮೀ. ಒಳಗಿನದಕ್ಕೆ ಅದು ಸರಿ. 8 ಮಿ.ಮೀ. ಆದರೆ ಚೂರು ಉಳಿದುಬಿಡಬಹುದು.

ಇದನ್ನೆಲ್ಲ ಡಾಕ್ಟರ್ ನೋಡಿಕೊಳ್ಳುತ್ತಾರೆ. ಕರುಳು ಕ್ಲೀನ್ ಆಗೋದು ಮನೆಯವರ ಕೈಯಲ್ಲಿದೆ. ಎರಡು ಮೂರು ದಿನ ಮೊದಲೇ ರಾಗಿ, ಸೊಪ್ಪು, ಸೀಬೆಹಣ್ಣು ನಿಲ್ಲಿಸಿ, ಬಿಳಿ ಅನ್ನ ಕೊಡಿ. ಕೊನೇ ದಿನ ಚೀಟಿಯಲ್ಲಿ ಇದ್ದದ್ದು ಮಾತ್ರ. ಅಮ್ಮನಿಗೆ ಎಳನೀರು ಕುಡಿಯಬಹುದು ಅಂದಿದ್ದರು, ಒಳಗಿನ ಗಂಜಿ ಬಿಟ್ಟು ಬರೀ ನೀರು. ಅಪ್ಪ ರಕ್ತ ತೆಳುವಾಗೋ ಮಾತ್ರೆ ತಗೊಳ್ಳುತ್ತಿದ್ದರೆ ಈಗಲೇ ಡಾಕ್ಟರಿಗೆ ಹೇಳಿ, ನೀವಾಗೇ ನಿಲ್ಲಿಸಬೇಡಿ. ದೂರದವರಾದರೆ ಹಿಂದಿನ ದಿನವೇ ಬಂದು ಆಸ್ಪತ್ರೆ ಹತ್ತಿರ ರೂಮು ಮಾಡಿ. ಬೆಳಗಿನ ಪಾಲು ಕುಡಿಯುವಾಗ ಟಾಯ್ಲೆಟ್ ಪಕ್ಕದಲ್ಲೇ ಇರಬೇಕು.