ಡ್ರ್ಯಾಗ್ ಬಿಗಿ ಇದ್ದರೂ ಬ್ರೇಡ್ ಜಾರುತ್ತಿದ್ದರೆ

ಮೀನು ಹಿಡಿಯುವ 14000 ಸೈಜಿನ ರೀಲ್‌ನಲ್ಲಿ ಡ್ರ್ಯಾಗ್ (ದಾರ ಹೊರಹೋಗದಂತೆ ತಡೆಯುವ ಬ್ರೇಕ್) ಪೂರ್ತಿ ಬಿಗಿ ಮಾಡಿದರೂ ಮೀನು ಸಲೀಸಾಗಿ ದಾರ ಎಳೆಯುತ್ತಿದ್ದರೆ, ಬಹುಶಃ ಡ್ರ್ಯಾಗ್ ಸರಿಯಾಗೇ ಇದೆ. ಬ್ರೇಡನ್ನು (ಎಳೆಗಳನ್ನು ಹೆಣೆದ ದಾರ) ನುಣುಪಾದ ಸ್ಪೂಲಿಗೆ (ದಾರ ಸುತ್ತುವ ಉರುಳೆ) ನೇರವಾಗಿ ಕಟ್ಟಿದ್ದರೆ ಸುತ್ತಿದ ದಾರವೆಲ್ಲ ಒಟ್ಟಿಗೇ ಜಾರುತ್ತದೆ. ಸ್ಪೂಲಿನ ಅಂಚು ಹಿಡಿದು ದಾರ ಜಗ್ಗಿ ನೋಡಿ. ದಾರ ಮಾತ್ರ ತಿರುಗಿದರೆ ಇದೇ ಕಾರಣ. ಇಲ್ಲದಿದ್ದರೆ ಡ್ರ್ಯಾಗ್ ವಾಷರ್ ಬಿಚ್ಚಿ ನೋಡಬೇಕು.

ದಾರವನ್ನೆಲ್ಲ ಬಿಚ್ಚಿ, ತಳಕ್ಕೆ 0.45 ಮಿ.ಮೀ. ಮೊನೊ (ಒಂಟಿ ಎಳೆಯ ನೈಲಾನ್ ದಾರ) ಒಂದು ಪದರ ಸುತ್ತಿ. ಬ್ರೇಡನ್ನು ಅದಕ್ಕೆ ಡಬಲ್ ಯೂನಿ (ಎರಡು ದಾರ ಜೋಡಿಸುವ) ಗಂಟಿನಲ್ಲಿ ಸೇರಿಸಿ: ಬ್ರೇಡ್ ಕಡೆ 8 ಸುತ್ತು, ಮೊನೊ ಕಡೆ 5. ಗಂಟು ಒದ್ದೆ ಮಾಡಿಯೇ ಬಿಗಿಯಿರಿ. ಆಮೇಲೆ ದಾರವನ್ನು ಒದ್ದೆ ಬಟ್ಟೆಯಲ್ಲಿ ಗಟ್ಟಿಯಾಗಿ ಅದುಮಿ ಹಿಡಿದು ಸುತ್ತಿ (ಬರಿಗೈ ಬೇಡ, ಬೆರಳು ಕೊಯ್ಯುತ್ತೆ). ಸಡಿಲವಾದರೆ ಮೇಲಿನ ದಾರ ಅಡಿಯ ಸುತ್ತುಗಳೊಳಗೆ ಹೂತು, ಬೀಸುವಾಗ ಸಿಕ್ಕಿ ತುಂಡಾಗುತ್ತದೆ. ಅಂಚಿಗೆ 2 ಮಿ.ಮೀ. ಇರುವಾಗ ನಿಲ್ಲಿಸಿ.